ಪಿತ್ತಕೋಶ ತೆಗೆಸಿದ ಮೇಲೂ ಪಿತ್ತನಾಳದಲ್ಲಿ ಜಂತುಹುಳು: ಗುಳಿಗೆಯಿಂದಲೇ ಹೋಗುತ್ತದೆಯೇ?

ಜಮಖಂಡಿ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ. ನನ್ನ ಅಕ್ಕನ ವಿಷಯವಾಗಿ ತಿಳಿದವರಿಂದ ಸಲಹೆ ಬೇಕಾಗಿದೆ. ಆಕೆಗೆ ನಲವತ್ತೈದರ ಆಸುಪಾಸು ವಯಸ್ಸು. ಕೆಲವು ವರ್ಷಗಳ ಹಿಂದೆ ಕಲ್ಲುಗಳಾಗಿವೆ ಎಂದು ಆಕೆಯ ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರು, ಅಲ್ಲಿಂದ ಈಚೆಗೆ ಆರಾಮವಾಗಿಯೇ ಇದ್ದಳು. ಈಗ ಕೆಲವು ವಾರಗಳಿಂದ ಬಲಪಕ್ಕೆಲುಬಿನ ಕೆಳಗೆ ತಡೆತಡೆದು ನೋವು ಬರುತ್ತಿದೆ. ಬಂದಾಗ ಬೆನ್ನಿನವರೆಗೂ ಹಬ್ಬಿ ವಾಂತಿಯಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ರೊಟ್ಟಿ ಬಡಿಯಲು ಕೂರುತ್ತಾಳೆ. ಗ್ಯಾಸ್ ಇರಬೇಕೆಂದು ಮೊದಲು ಊರಿನಲ್ಲಿಯೇ ಗುಳಿಗೆ ನುಂಗಿಸಿದೆವು. ನಿಲ್ಲಲಿಲ್ಲವಾದ್ದರಿಂದ ಸ್ಕ್ಯಾನಿಂಗ್ ಮಾಡಿಸಿದೆವು. ಮುಖ್ಯ ಪಿತ್ತನಾಳ ಹಿಗ್ಗಿದೆ, ಅದರೊಳಗೆ ನೆರಳು ಬೀಳದ ಉದ್ದನೆಯ ನಳಿಕೆಯಂತಹ ರಚನೆಯೊಂದು ಅಲುಗುತ್ತಿದೆ, ಅದು ದುಂಡುಹುಳು ಇರಬಹುದು ಎಂದು ವರದಿಯಲ್ಲಿ ಬರೆದಿದ್ದಾರೆ. ಜ್ವರವಿಲ್ಲ, ಕಣ್ಣು ಹಳದಿಯಾಗಿಲ್ಲ.

ಅಲ್ಲಿನ ವೈದ್ಯರು ಆಲ್ಬೆಂಡಜೋಲ್ ಬರೆದುಕೊಟ್ಟು, ಬೆಳಗಾವಿಗೆ ಹೋಗಿ ತಜ್ಞರಿಗೆ ತೋರಿಸಿ ಎಂದರು. ಶಾಲೆಯಲ್ಲಿ ಮಕ್ಕಳಿಗೆ ನಾನೇ ಕೈಯಾರೆ ಕೊಡುವ ಗುಳಿಗೆ ಅದು. ಹುಳು ಸಾಯಲು ಗುಳಿಗೆ ಸಿಕ್ಕಿತಲ್ಲ, ಇನ್ನು ಬೆಳಗಾವಿ ಏತಕ್ಕೆ ಎಂದು ಮನೆಯವರು ಕೇಳುತ್ತಿದ್ದಾರೆ. ಪಿತ್ತಕೋಶವೇ ಇಲ್ಲದ ಮೇಲೆ ಹುಳು ಅಲ್ಲಿಗೆ ಹೋದದ್ದು ಹೇಗೆ ಎಂಬುದು ನನ್ನ ಸಂದೇಹ. ಅಕ್ಕನ ಮನೆಯಲ್ಲಿ ಕುರಿಗಳಿವೆ, ಅವುಗಳಿಂದ ಬಂದಿರಬಹುದೇ? ಪಿತ್ತನಾಳದ ಹುಳುವಿನಿಂದ ಕ್ಯಾನ್ಸರ್ ಆಗುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಓದಿ ಹೇಳಿದ ಮೇಲಂತೂ ಆಕೆ ಊಟವನ್ನೇ ಕಡಿಮೆ ಮಾಡಿದ್ದಾಳೆ. ದಯವಿಟ್ಟು ತಿಳಿದವರು ವಿವರಿಸಬೇಕು.

ಬೆಳಗಾವಿಯ ಜಠರರೋಗ ವೈದ್ಯೆ

ಮಾಸ್ತರರೇ, ಕೊನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಊಟ ಬಿಡುವಷ್ಟು ಭಯಪಡುವ ಕಾರಣವೇ ಇಲ್ಲ. ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಗುರುತಿಸಿರುವುದು ಬೇರೆ ಹುಳುಗಳನ್ನು. ಥೈಲ್ಯಾಂಡ್, ಲಾವೋಸ್‌ಗಳ ಕಡೆಯ ಒಪಿಸ್ತಾರ್ಕಿಸ್ ವಿವೆರಿನಿಯನ್ನು 1994ರಲ್ಲಿಯೂ, ಚೀನಾ, ಕೊರಿಯಾ, ವಿಯೆಟ್ನಾಂಗಳ ಕಡೆಯ ಕ್ಲೊನಾರ್ಕಿಸ್ ಸೈನೆನ್ಸಿಸ್ ಅನ್ನು 2009ರಲ್ಲಿಯೂ ಆ ಪಟ್ಟಿಗೆ ಸೇರಿಸಲಾಯಿತು. ಇವೆರಡೂ ಚಪ್ಪಟೆ ಹುಳುಗಳು. ಸಿಹಿನೀರಿನ ಮೀನನ್ನು ಹಸಿಯಾಗಿ ಅಥವಾ ಅರೆಬೇಯಿಸಿ ತಿನ್ನುವವರ ದೇಹವನ್ನು ಸೇರಿ, ದಶಕಗಳ ಕಾಲ ಪಿತ್ತನಾಳದಲ್ಲಿಯೇ ವಾಸಿಸುತ್ತವೆ. ನಮ್ಮ ಕಡೆ ಕೃಷ್ಣೆಯ ಮೀನನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ನಿಮ್ಮ ಅಕ್ಕನವರಿಗೆ ಆಗಿರುವುದು ದುಂಡುಹುಳು, ಅಂದರೆ ಆಸ್ಕರಿಸ್. ಅದು ಆ ಪಟ್ಟಿಯಲ್ಲಿಲ್ಲ.

ಇನ್ನು ಹುಳು ಅಲ್ಲಿಗೆ ಹೋದ ಬಗೆ. ಪಿತ್ತವನ್ನು ತಯಾರಿಸುವುದು ಯಕೃತ್ತು. ಪಿತ್ತಕೋಶ ಅದನ್ನು ಕೂಡಿಟ್ಟುಕೊಳ್ಳುವ ಚೀಲ ಮಾತ್ರ. ಚೀಲವನ್ನು ತೆಗೆದರೂ ಯಕೃತ್ತಿನಿಂದ ಸಣ್ಣಕರುಳಿನ ಮೊದಲ ಭಾಗಕ್ಕೆ ಪಿತ್ತವನ್ನು ಒಯ್ಯುವ ಮುಖ್ಯ ನಾಳ ಹಾಗೆಯೇ ಉಳಿಯುತ್ತದೆ, ಕರುಳಿನ ಕಡೆಗೆ ತೆರೆಯುವ ಅದರ ಬಾಯಿಯೂ ಉಳಿಯುತ್ತದೆ. ಬೆಳೆದ ದುಂಡುಹುಳು 15ರಿಂದ 35 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ವಾಸ ಸಣ್ಣಕರುಳಿನ ನಡುಭಾಗದಲ್ಲಿಯಾದರೂ, ಹುಳುಗಳ ಸಂಖ್ಯೆ ಹೆಚ್ಚಿದಾಗ ಅಥವಾ ಜ್ವರ, ಉಪವಾಸಗಳಿಂದ ಕರುಳಿನ ಸ್ಥಿತಿ ಬದಲಾದಾಗ ಮೇಲಕ್ಕೆ ಸರಿಯುತ್ತದೆ, ಕಂಡ ಕಿರಿದಾದ ಕಂಡಿಯಲ್ಲೆಲ್ಲ ತಲೆ ತೂರಿಸುತ್ತದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ, ಹಿಂದೆ ಎಂಡೋಸ್ಕೋಪಿಯಿಂದ ನಾಳದ ಬಾಯಿಯನ್ನು ಕೊಯ್ಸಿ ಅಗಲ ಮಾಡಿಸಿಕೊಂಡವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೀಗಾಗಿ ಅಕ್ಕನವರ ಹಳೆಯ ಶಸ್ತ್ರಚಿಕಿತ್ಸೆ ಹುಳುವಿಗೆ ಅಡ್ಡಿಯಾಗುವ ಬದಲು ದಾರಿಯನ್ನು ಸುಲಭ ಮಾಡಿಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಪಿತ್ತಕೋಶ ಇರುವವರಲ್ಲಿಯೂ ಹುಳು ಕೋಶದೊಳಗೇ ಹೋಗುವುದು ಅಪರೂಪ, ಏಕೆಂದರೆ ಅಲ್ಲಿಗೆ ಹೋಗುವ ಕವಲುನಾಳ ಸಣ್ಣದು ಮತ್ತು ತಿರುಚಿಕೊಂಡಿರುತ್ತದೆ.

ಗುಳಿಗೆಯ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಗುಳಿಗೆ ಕರುಳಿನಲ್ಲಿರುವ ದುಂಡುಹುಳುಗಳಿಗೆ ಸಾಕು. ಆದರೆ ಪಿತ್ತನಾಳದೊಳಗೆ ಕುಳಿತ ಹುಳುವಿನ ಮೇಲೆ ಅದು ಅಷ್ಟು ಪರಿಣಾಮ ಬೀರುವುದಿಲ್ಲ. ಬೀರಿದರೂ ನಮಗೆ ಬೇಕಾದದ್ದು ಅದಲ್ಲ. ಜೀವಂತ ಹುಳು ಬಂದ ದಾರಿಯಲ್ಲಿಯೇ ಕರುಳಿಗೆ ಹಿಂತಿರುಗಬಲ್ಲದು, ಬಹುಪಾಲು ರೋಗಿಗಳಲ್ಲಿ ಹಿಂತಿರುಗುತ್ತದೆ ಕೂಡ. ನಾಳದೊಳಗೆ ಸತ್ತ ಹುಳುವಾದರೆ ಅಲ್ಲಿಯೇ ಕೊಳೆತು ತುಂಡುತುಂಡಾಗುತ್ತದೆ, ಆ ತುಂಡುಗಳ ಸುತ್ತ ಪಿತ್ತದ ಲವಣಾಂಶಗಳು ಕೂಡಿ ಕಲ್ಲು ಕಟ್ಟುತ್ತದೆ, ಆ ಕಲ್ಲು ಮತ್ತೆ ಮತ್ತೆ ಸೋಂಕಿಗೆ ನೆಲೆಯಾಗುತ್ತದೆ. ಆದ್ದರಿಂದ ನಾಳದಲ್ಲಿರುವ ಹುಳು ಹೊರಗೆ ಬರಬೇಕು, ಕರುಳಿಗೆ ಬಂದ ಮೇಲೆ ಗುಳಿಗೆಯಿಂದ ಸಾಯಬೇಕು. ಗುಳಿಗೆಯನ್ನು ಯಾವ ದಿನ ಕೊಡಬೇಕು, ಒಂದು ಸಲವೋ ಎರಡು ಸಲವೋ ಎಂಬುದನ್ನು ಸ್ಕ್ಯಾನಿಂಗ್ ನೋಡಿದ ವೈದ್ಯರೇ ತೀರ್ಮಾನಿಸಲಿ. ಮನೆಯಲ್ಲಿ ನೋವು ಬಂದಾಗಲೆಲ್ಲ ಒಂದೊಂದು ನುಂಗಿಸಬೇಡಿ.

ಈ ಕಾಯಿಲೆಯ ಬಗ್ಗೆ ನಮ್ಮ ದೇಶದಲ್ಲಿಯೇ ಉತ್ತಮ ಅಧ್ಯಯನಗಳಾಗಿವೆ. ಕಾಶ್ಮೀರ ಕಣಿವೆಯಲ್ಲಿ ದುಂಡುಹುಳುವಿನ ಬಾಧೆ ಬಹಳ. ಶ್ರೀನಗರದಲ್ಲಿ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಮತ್ತು ಅವರ ಸಹೋದ್ಯೋಗಿಗಳು ಯಕೃತ್ತು, ಪಿತ್ತನಾಳ ಹಾಗೂ ಮೇದೋಜೀರಕ ಗ್ರಂಥಿಗಳಲ್ಲಿ ಹುಳುವಿನ ತೊಂದರೆಯಾದ 500 ರೋಗಿಗಳ ವಿವರವನ್ನು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚಿನವರು ಹೊಟ್ಟೆ ಕೊಯ್ಯದೆಯೇ ಗುಣವಾದರು. ಕೆಲಕಾಲ ಬಾಯಿಂದ ಆಹಾರ ನಿಲ್ಲಿಸಿ, ಸಲೈನ್ ಮತ್ತು ನೋವಿನ ಸೆಳೆತ ತಗ್ಗಿಸುವ ಔಷಧ ಕೊಟ್ಟು ಕಾಯುವುದು ಇಂದಿಗೂ ಮೊದಲ ಚಿಕಿತ್ಸೆ. ಸುಮಾರು ಮೂರು ವಾರ ಕಳೆದರೂ ಹುಳು ನಾಳದಲ್ಲಿಯೇ ಉಳಿದರೆ, ಅಥವಾ ಅದು ಸತ್ತಿರುವಂತೆ ಕಂಡರೆ, ಇಆರ್‌ಸಿಪಿ ಎಂಬ ಎಂಡೋಸ್ಕೋಪಿ ಚಿಕಿತ್ಸೆ ಮಾಡಬೇಕಾಗುತ್ತದೆ. ಬಾಯಿಯ ಮೂಲಕ ದುರ್ಬೀನು ಇಳಿಸಿ ನಾಳದ ಬಾಯಿಯವರೆಗೆ ಹೋದರೆ, ಅನೇಕ ಸಲ ಹುಳುವಿನ ಅರ್ಧ ದೇಹ ನಾಳದ ಒಳಗೂ ಉಳಿದರ್ಧ ಕರುಳಿನೊಳಗೂ ತೂಗಾಡುತ್ತಿರುವುದು ಕಾಣಿಸುತ್ತದೆ. ಅದನ್ನು ಇಕ್ಕಳದಂತಹ ಸಾಧನದಿಂದ ಮೆಲ್ಲಗೆ ಹಿಡಿದು ದುರ್ಬೀನಿನ ಜೊತೆಯಲ್ಲಿಯೇ ಬಾಯಿಂದ ಹೊರತೆಗೆಯುತ್ತೇವೆ. ತಂತಿಯ ಕುಣಿಕೆ ಹಾಕಿ ಬಿಗಿದರೆ ಹುಳು ತುಂಡಾಗಿ ತಲೆಯ ಭಾಗ ಒಳಗೇ ಉಳಿಯುವ ಅಪಾಯವಿದೆ. ನಾಳದ ಬಾಯಿಯನ್ನು ಕೊಯ್ದು ಅಗಲಿಸುವುದನ್ನೂ ಸಾಧ್ಯವಾದಷ್ಟು ತಪ್ಪಿಸುತ್ತೇವೆ, ಏಕೆಂದರೆ ಅಗಲವಾದ ಬಾಯಿ ಮುಂದಿನ ಹುಳುವಿಗೂ ತೆರೆದೇ ಇರುತ್ತದೆ.

ಈಗ ಜ್ವರವೂ ಕಾಮಾಲೆಯೂ ಇಲ್ಲದಿರುವುದು ಒಳ್ಳೆಯ ಲಕ್ಷಣ. ಹಾಗೆಂದು ತಜ್ಞರ ಭೇಟಿಯನ್ನು ಮುಂದೂಡಬೇಡಿ. ಚಳಿ ನಡುಗಿ ಜ್ವರ ಬಂದರೆ, ಕಣ್ಣು ಅಥವಾ ಮೂತ್ರ ಹಳದಿಯಾದರೆ, ನೋವು ಬಂದುಹೋಗುವುದನ್ನು ಬಿಟ್ಟು ಮೇಲ್ಹೊಟ್ಟೆಯಲ್ಲಿ ಒಂದೇ ಸಮನೆ ನಿಂತುಬಿಟ್ಟರೆ, ಅದು ನಾಳದ ಸೋಂಕು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತವಾಗಿರಬಹುದು. ಆಗ ರಾತ್ರಿಯೆನ್ನದೆ ದೊಡ್ಡ ಆಸ್ಪತ್ರೆಗೆ ಕರೆತರಬೇಕು. ಕುರಿಗಳ ವಿಷಯವನ್ನು ಇಲ್ಲಿರುವ ಪಶುವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಬನಹಟ್ಟಿ ನಿವಾಸಿ

ನಮ್ಮ ಹಿರಿಯರ ಕಾಲದಲ್ಲಿ ಇಷ್ಟೆಲ್ಲ ದುರ್ಬೀನುಗಳಿರಲಿಲ್ಲ. ಬೇವಿನ ಎಲೆಯ ರಸ, ಪಪ್ಪಾಯಿ ಬೀಜದ ಪುಡಿ ಕೊಟ್ಟರೆ ಹುಳುಗಳು ತಾವಾಗಿಯೇ ಬೀಳುತ್ತಿದ್ದವು. ಬೆಲ್ಲ, ಸಿಹಿ ತಿನ್ನುವುದನ್ನು ಮೊದಲು ಬಿಡಿಸಿ; ಹುಳುವಾಗುವುದೇ ಅದರಿಂದ. ಅನಗತ್ಯವಾಗಿ ಖರ್ಚು ಮಾಡಿಕೊಳ್ಳಬೇಡಿ.

ಬೆಳಗಾವಿಯ ಜಠರರೋಗ ವೈದ್ಯೆ

ಮಾನ್ಯರೇ, ಕರುಳಿನ ಹುಳುವಿಗೆ ಬೇವು ಕುಡಿಯುವವರೊಂದಿಗೆ ನನ್ನ ಜಗಳವಿಲ್ಲ. ಆದರೆ ಹುಳು ಪಿತ್ತನಾಳದಲ್ಲಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದ ಮೇಲೆ ಆ ಮಾತು ಅಪ್ರಸ್ತುತ. ವಾಂತಿಯಾಗುತ್ತಿರುವವರಿಗೆ ಕಹಿ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದರಿಂದ ನೀರಿನಂಶ ಕಡಿಮೆಯಾಗುವುದೇ ಹೊರತು ನಾಳದಲ್ಲಿರುವ ಹುಳು ಇಳಿಯುವುದಿಲ್ಲ. ಬೆಲ್ಲದಿಂದ ಹುಳು ಹುಟ್ಟುವುದೂ ಇಲ್ಲ. ದುಂಡುಹುಳು ಬರುವುದು ಅದರ ಮೊಟ್ಟೆಯನ್ನು ನುಂಗುವುದರಿಂದ, ಆ ಮೊಟ್ಟೆ ಬರುವುದು ಮನುಷ್ಯರ ಮಲದಿಂದ. ಖರ್ಚಿನ ಚಿಂತೆ ನ್ಯಾಯವಾದದ್ದೇ. ಮಾಸ್ತರರು ಅಕ್ಕನವರ ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿಟ್ಟುಕೊಂಡು, ಸರ್ಕಾರಿ ಆಸ್ಪತ್ರೆಯ ಮೂಲಕವೇ ಬಂದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ವಿಚಾರಿಸಲಿ.

ಬಾಗಲಕೋಟೆಯ ನಿವೃತ್ತ ಲ್ಯಾಬ್ ಟೆಕ್ನಿಷಿಯನ್

ವೈದ್ಯೆಯವರು ಚಿಕಿತ್ಸೆಯ ಭಾಗವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಮಲಪರೀಕ್ಷೆಯ ಕುರಿತು ಮತ್ತು ಹುಳು ಮನೆಯನ್ನು ಸೇರುವ ದಾರಿಯ ಕುರಿತು ಬರೆಯುತ್ತೇನೆ.

ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಹೀಗಾಗಿ ಹೆಣ್ಣು ಹುಳುವಿದ್ದರೆ ಸೂಕ್ಷ್ಮದರ್ಶಕದಡಿ ಮೊಟ್ಟೆ ಸಿಗುವುದು ಕಷ್ಟವಲ್ಲ. ಕಂದುಬಣ್ಣದ, ಮೇಲ್ಮೈಯಲ್ಲಿ ಗುಬ್ಬಿಗುಬ್ಬಿಯಾದ ಹೊದಿಕೆಯುಳ್ಳ ಮೊಟ್ಟೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ರೋಗಿಯ ಹೊಟ್ಟೆಯಲ್ಲಿ ಗಂಡು ಹುಳು ಮಾತ್ರ ಇದ್ದರೆ, ಅಥವಾ ಹುಳು ಇನ್ನೂ ಎಳೆಯದಾಗಿದ್ದರೆ, ಮಲದಲ್ಲಿ ಮೊಟ್ಟೆ ಸಿಗುವುದಿಲ್ಲ. ಮಲಪರೀಕ್ಷೆಯ ವರದಿಯಲ್ಲಿ ಏನೂ ಇಲ್ಲವೆಂದು ಬಂದ ಮಾತ್ರಕ್ಕೆ ಸ್ಕ್ಯಾನಿಂಗ್ ವರದಿಯನ್ನು ತಳ್ಳಿಹಾಕಬಾರದು. ಪಿತ್ತನಾಳದ ಕಲ್ಲಿಗೂ ಹುಳುವಿಗೂ ವ್ಯತ್ಯಾಸವನ್ನು ತೋರಿಸುವುದು ಸ್ಕ್ಯಾನಿಂಗೇ: ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತದೆ, ಹುಳುವಿನ ಹಿಂದೆ ಬೀಳುವುದಿಲ್ಲ, ಮೇಲಾಗಿ ಹುಳು ಅಲುಗುತ್ತದೆ. ನಿಮ್ಮ ವರದಿಯಲ್ಲಿ ಈ ಎರಡನ್ನೂ ಗುರುತಿಸಿ ಬರೆದಿರುವುದು ನೋಡಿದವರ ಜಾಣತನ.

ಮೊಟ್ಟೆ ಮಲದೊಡನೆ ಹೊರಬಿದ್ದ ಕೂಡಲೇ ಸೋಂಕು ತರುವುದಿಲ್ಲ. ಹಸಿಮಣ್ಣಿನಲ್ಲಿ, ನೆರಳಿನಲ್ಲಿ ಎರಡರಿಂದ ನಾಲ್ಕು ವಾರ ಬಿದ್ದಿದ್ದು, ಒಳಗೆ ಮರಿ ಬೆಳೆದ ಮೇಲೆಯೇ ಅಪಾಯಕಾರಿಯಾಗುತ್ತದೆ. ಆಮೇಲೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ನುಂಗಿದ ಮೊಟ್ಟೆಯಿಂದ ಹೊರಬಂದ ಮರಿ ಕರುಳಿನ ಗೋಡೆಯನ್ನು ಕೊರೆದು, ರಕ್ತದ ಮೂಲಕ ಯಕೃತ್ತನ್ನು ಹಾದು ಪುಪ್ಪುಸವನ್ನು ಸೇರಿ, ಗಂಟಲಿಗೆ ಹತ್ತಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಬಂದು ದೊಡ್ಡದಾಗುತ್ತದೆ. ಮೊಟ್ಟೆ ನುಂಗಿದ ದಿನದಿಂದ ಹುಳು ತಾನೇ ಮೊಟ್ಟೆಯಿಡುವವರೆಗೆ ಎರಡು ಮೂರು ತಿಂಗಳು ಬೇಕು. ಆದುದರಿಂದ ಈಗ ಕಂಡ ಹುಳುವಿನ ಮೂಲವನ್ನು ಕಳೆದ ವಾರದ ಊಟದಲ್ಲಿ ಹುಡುಕಿ ಪ್ರಯೋಜನವಿಲ್ಲ.

ನಮ್ಮ ಕಡೆ ನಾನು ಸಂಶಯಪಡುವುದು ಹಸಿ ತಪ್ಪಲನ್ನು. ರೊಟ್ಟಿಯ ಜೊತೆಗೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ, ಗಜ್ಜರಿಗಳನ್ನು ಹಸಿಯಾಗಿ ತಿನ್ನುವುದು ನಮ್ಮ ಊಟದ ಲಕ್ಷಣ. ಅದನ್ನು ಬಿಡಿ ಎಂದು ಹೇಳಲು ನನಗೂ ಮನಸ್ಸಿಲ್ಲ. ಆದರೆ ಸಂತೆಗೆ ಬರುವ ಸೊಪ್ಪಿನ ಸಿವುಡನ್ನು ಬಿಚ್ಚಿ ನೋಡಿದರೆ ಬೇರಿಗೆ ಮಣ್ಣು ಅಂಟಿರುತ್ತದೆ. ಹೊಲದಿಂದ ತಂದವರು ಅದನ್ನು ಕಾಲುವೆಯ ನೀರಿನಲ್ಲಿ ಅದ್ದಿ ತೆಗೆದಿರುತ್ತಾರೆ, ಮಾರುವವರು ಬಾಡದಿರಲೆಂದು ಯಾವುದೋ ಬಕೆಟ್ಟಿನ ನೀರನ್ನು ಚಿಮುಕಿಸುತ್ತಿರುತ್ತಾರೆ. ಅದೇ ಕಾಲುವೆಯ ದಂಡೆಗೆ ಬೆಳಿಗ್ಗೆ ಯಾರು ಯಾರು ತಂಬಿಗೆ ಹಿಡಿದು ಹೋಗುತ್ತಾರೆಂಬುದು ಊರಿನವರಿಗೆ ಗೊತ್ತಿರುವ ಸಂಗತಿಯೇ. ಪಟ್ಟಣಗಳ ಅಂಚಿನಲ್ಲಿ ಚರಂಡಿ ನೀರು ಹಾಯಿಸಿ ಬೆಳೆದ ಸೊಪ್ಪಿನ ಮಾತಂತೂ ಬೇಡ. ಮೊಟ್ಟೆಯ ಹೊದಿಕೆ ಅಂಟಂಟಾಗಿರುವುದರಿಂದ ಒಮ್ಮೆ ಅದ್ದಿ ತೆಗೆದರೆ ಹೋಗುವುದಿಲ್ಲ. ಉಪ್ಪುನೀರಿನಲ್ಲಿಟ್ಟರೂ ಸಾಯುವುದಿಲ್ಲ, ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಬೇರು ಕತ್ತರಿಸಿ, ಎಲೆಗಳನ್ನು ಬಿಡಿಸಿ, ಹರಿಯುವ ನಳದ ನೀರಿನಡಿ ಕೈಯಿಂದ ಉಜ್ಜಿ ಮತ್ತೆ ಮತ್ತೆ ತೊಳೆಯಬೇಕು. ಗಡ್ಡೆಗಳ ಸಿಪ್ಪೆ ತೆಗೆಯಬೇಕು. ಮೊಟ್ಟೆ ಖಂಡಿತವಾಗಿ ಸಾಯುವುದು ಬೇಯಿಸಿದಾಗ. ಮನೆಯಲ್ಲಿ ಒಬ್ಬರಿಗೆ ಹುಳು ಕಂಡರೆ ಉಳಿದವರಿಗೂ ಇರುವ ಸಂಭವವಿದೆ, ಆದ್ದರಿಂದ ವೈದ್ಯರನ್ನು ಕೇಳಿ ಎಲ್ಲರೂ ಒಂದೇ ಸಲಕ್ಕೆ ಗುಳಿಗೆ ತೆಗೆದುಕೊಳ್ಳುವುದು ಮೇಲು.

ಮಾಸ್ತರರು ಶಾಲೆಯ ಗುಳಿಗೆಯ ಮಾತೆತ್ತಿದ್ದಾರೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾದದ್ದು 2015ರಲ್ಲಿ. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆ ಗುಳಿಗೆ ಸಿಗುತ್ತದೆ. ತೋಟದಲ್ಲಿ ಕಳೆ ಕೀಳುವ, ಸೊಪ್ಪು ಸೋಸುವ ಅಕ್ಕತಂಗಿಯರು ಆ ವಯಸ್ಸಿನ ಮಿತಿಯಿಂದ ಹೊರಗೇ ಉಳಿದಿದ್ದಾರೆ.

ಇಂಡಿ ತಾಲ್ಲೂಕಿನ ಪಶುವೈದ್ಯ

ಕುರಿಗಳ ಕುರಿತು ಕೇಳಿದ್ದೀರಿ. ನಿಮ್ಮ ಅಕ್ಕನವರ ನಾಳದಲ್ಲಿರುವ ದುಂಡುಹುಳುವಿಗೆ ಕುರಿಗಳು ಹೊಣೆಯಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಮಣ್ಣಿನ ಮೂಲಕ ಬರುವ ಹುಳು. ಆದರೂ ಕುರಿ ಸಾಕುವ ಮನೆಯವರು ತಿಳಿದಿರಬೇಕಾದ ಬೇರೆ ಎರಡು ಹುಳುಗಳು ಪಿತ್ತನಾಳಕ್ಕೆ ಸಂಬಂಧಿಸಿವೆ.

ಒಂದು, ಫ್ಯಾಸಿಯೋಲಾ ಎಂಬ ಚಪ್ಪಟೆ ಹುಳು. ಕುರಿಗಾರರು ಕುರಿ ಕೊಯ್ದಾಗ ಯಕೃತ್ತಿನ ನಾಳಗಳಲ್ಲಿ ಎಲೆಯಾಕಾರದ ಹುಳುಗಳನ್ನು ಕಂಡಿರುತ್ತಾರೆ. ಬಾಧೆ ಹೆಚ್ಚಾದ ಕುರಿಯ ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ಇದರ ಮರಿ ಬೆಳೆಯುವುದು ನಿಂತ ನೀರಿನ ಬಸವನಹುಳುವಿನಲ್ಲಿ. ಅಲ್ಲಿಂದ ಹೊರಬಿದ್ದು ನೀರಿನ ಅಂಚಿನ ಹುಲ್ಲು, ಸೊಪ್ಪುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಿನ್ನೀರಿನ ಅಂಚಿನಲ್ಲಿ, ಕಾಲುವೆ ಸೋರಿ ಜೌಗಾದ ಹೊಲಗಳಲ್ಲಿ ಮೇಯುವ ದನಕರು, ಎಮ್ಮೆ, ಕುರಿಗಳಿಗೆ ಹೀಗೆ ತಗಲುತ್ತದೆ. ಮನುಷ್ಯರಿಗೂ ಬರುವುದು ಅಂತಹ ನೀರಿನ ಸೊಪ್ಪನ್ನು ಹಸಿಯಾಗಿ ತಿಂದಾಗ ಅಥವಾ ಆ ನೀರನ್ನು ಕುಡಿದಾಗಲೇ ಹೊರತು, ಕುರಿಯನ್ನು ಮುಟ್ಟಿದ್ದರಿಂದಾಗಲಿ ಬೇಯಿಸಿದ ಮಾಂಸವನ್ನು ತಿಂದದ್ದರಿಂದಾಗಲಿ ಅಲ್ಲ. ನಮ್ಮ ದೇಶದಲ್ಲಿ ಮನುಷ್ಯರಲ್ಲಿ ಇದು ಅಪರೂಪ. ಬಂದರೆ ಮೊದಲು ಜ್ವರ, ಯಕೃತ್ತಿನ ಭಾಗದಲ್ಲಿ ನೋವು, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ. ಹುಳು ಪಿತ್ತನಾಳ ಸೇರಿದ ಮೇಲೆ ಕಲ್ಲಿನ ನೋವನ್ನೇ ಹೋಲುವ ನೋವು. ಇದಕ್ಕೆ ಆಲ್ಬೆಂಡಜೋಲ್ ನಂಬುವಂತಹ ಔಷಧವಲ್ಲ, ಟ್ರೈಕ್ಲಾಬೆಂಡಜೋಲ್ ಬೇಕು. ಹಾಗೆಂದು ಕುರಿಗೆ ಕುಡಿಸಲು ತಂದಿಟ್ಟ ಬಾಟಲಿಯಿಂದ ಮನೆಯವರು ಕುಡಿಯುವ ಹುಚ್ಚು ಸಾಹಸ ಬೇಡ. ಕುರಿಗಳಿಗೆ ಕೊಡುವ ಕ್ಲೋಸಾಂಟೆಲ್ ಎಂಬ ಔಷಧವನ್ನು ಮನುಷ್ಯರು ಕುಡಿದರೆ ಕಣ್ಣಿನ ದೃಷ್ಟಿಗೇ ಕುತ್ತು ಬರುತ್ತದೆ.

ಇನ್ನೊಂದು ನಾಯಿಯಿಂದ ಬರುವ ಹೈಡಾಟಿಡ್. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಯಕೃತ್ತು, ಪುಪ್ಪುಸಗಳನ್ನು ಹಿಂಡಿನ ನಾಯಿಗೆ ಎಸೆಯುವುದು ನಮ್ಮಲ್ಲಿ ಸಾಮಾನ್ಯ. ನಾಯಿಯ ಕರುಳಿನಲ್ಲಿ ಅದು ಸಣ್ಣ ಲಾಡಿಹುಳುವಾಗಿ ಬೆಳೆದು, ಮೊಟ್ಟೆಗಳು ನಾಯಿಯ ಮಲದಲ್ಲಿ ಬರುತ್ತವೆ. ಆ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ನೀರುಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಕೆಲವೊಮ್ಮೆ ಪಿತ್ತನಾಳದೊಳಕ್ಕೆ ಒಡೆಯುತ್ತದೆ. ಆಗ ಹಿಂಡಿದ ದ್ರಾಕ್ಷಿಯ ಸಿಪ್ಪೆಯಂತಹ ತೆಳುಪೊರೆಗಳು ನಾಳವನ್ನು ಮುಚ್ಚಿ ಕಾಮಾಲೆ ಬರಿಸುತ್ತವೆ. ಕುರಿಯ ಹಸಿ ಅಂಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳುವುದು, ನಾಯಿಗೆ ಪಶುವೈದ್ಯರಿಂದ ಪ್ರಾಜಿಕ್ವಾಂಟೆಲ್ ಕೊಡಿಸುತ್ತಿರುವುದು, ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆದು ಊಟಕ್ಕೆ ಕೂರುವುದು, ಇಷ್ಟನ್ನು ಅಕ್ಕನವರ ಮನೆಯಲ್ಲಿ ಹೇಳಿ.

ಜಮಖಂಡಿ ಮಾಸ್ತರ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಇಲ್ಲಿನ ಉತ್ತರಗಳನ್ನು ಅಕ್ಕನಿಗೂ ಭಾವನಿಗೂ ಓದಿ ಹೇಳಿದೆ. ಕ್ಯಾನ್ಸರಿನ ಭಯ ಹೋಗಿದೆ, ಸೋಮವಾರ ಬೆಳಗಾವಿಗೆ ಹೊರಡುತ್ತಿದ್ದೇವೆ. ಇನ್ನೆರಡು ಸಂದೇಹಗಳು. ಹುಳು ಹೊರಗೆ ಬಂದಿತೆಂದು ನಮಗೆ ಗೊತ್ತಾಗುವುದು ಹೇಗೆ? ಮನೆಯವರೆಲ್ಲ ಗುಳಿಗೆ ತೆಗೆದುಕೊಳ್ಳಬೇಕೆಂದು ಹೇಳಿದ್ದೀರಿ. ಅಕ್ಕನ ಸೊಸೆ ಎರಡು ತಿಂಗಳ ಬಸುರಿ, ಆಕೆಯೂ ತೆಗೆದುಕೊಳ್ಳಬಹುದೇ?

ಬೆಳಗಾವಿಯ ಜಠರರೋಗ ವೈದ್ಯೆ

ನೋವು ನಿಂತಿತೆಂಬ ಕಾರಣಕ್ಕೆ ಹುಳು ಹೊರಬಂದಿದೆ ಎಂದು ಭಾವಿಸಬೇಡಿ. ಅದು ನಾಳದೊಳಗೆ ಸತ್ತಾಗಲೂ ಅಲುಗಾಟ ನಿಂತು ನೋವು ತಗ್ಗಬಹುದು. ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿ ನಾಳ ಖಾಲಿಯಾಗಿದೆ ಎಂದು ನೋಡಿಯೇ ಖಾತರಿ ಮಾಡಿಕೊಳ್ಳಬೇಕು. ಹಳೆಯ ಸ್ಕ್ಯಾನಿಂಗ್ ವರದಿ, ಚಿತ್ರಗಳು ಮತ್ತು ಪಿತ್ತಕೋಶ ತೆಗೆದಾಗಿನ ಡಿಸ್ಚಾರ್ಜ್ ಚೀಟಿಯನ್ನು ತಪ್ಪದೆ ತನ್ನಿ. ಆಗ ನಾಳದ ಬಾಯಿಯನ್ನೂ ಕೊಯ್ದಿದ್ದರೇ ಎಂಬುದು ಅದರಲ್ಲಿರುತ್ತದೆ, ಮುಂದಿನ ನಿರ್ಧಾರಕ್ಕೆ ಅದು ಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಅಕ್ಕನವರು ಏನನ್ನೂ ತಿನ್ನದೆ ಬಂದರೆ ಸ್ಕ್ಯಾನಿಂಗನ್ನು ಅಂದೇ ಮುಗಿಸಬಹುದು.

ಸೊಸೆಗೆ ಈಗ ಗುಳಿಗೆ ಬೇಡ. ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡುವುದಿಲ್ಲ. ಆ ಅವಧಿ ಮುಗಿದ ಮೇಲೆ ಆಕೆಯನ್ನು ನೋಡುತ್ತಿರುವ ಹೆರಿಗೆ ವೈದ್ಯರನ್ನು ಕೇಳಿ ಕೊಡಿಸಿ. ಅಲ್ಲಿಯವರೆಗೆ ಆಕೆ ಸೊಪ್ಪನ್ನು ಬೇಯಿಸಿಯೇ ತಿನ್ನಲಿ.